ಪುನರ್ಪುಳಿಯಿಂದ ಎಳ್ಳಿನ ಪಾನಕದವರೆಗೆ: ಮನೆಯಲ್ಲೇ ಸಿಹಿ ಪಾನೀಯಗಳನ್ನು ತಯಾರಿಸುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಹವ್ಯಕ ಮನೆಗಳಿಗೆ ಬಿಸಿಲಿನಲ್ಲಿ ಬಂದ ನೆಂಟರನ್ನು ಚಾವಡಿಯಲ್ಲಿ ಕೂರಿಸಿದ ಮೇಲೆ ಮೊದಲು ಕೇಳುವ ಮಾತು "ಆಸರಿಂಗೆ ಎಂತ ಅಕ್ಕು ಬಾವ?" (ಬಾಯಾರಿಕೆಗೆ ಏನಾಗಬಹುದು ಭಾವ?) ಎಂಬುದಾಗಿದೆ. ಒಂದು ತುಂಡು ಬೆಲ್ಲ ಮತ್ತು ಒಂದು ಚೊಂಬು ನೀರಿನಿಂದ ಹಿಡಿದು ಪುನರ್ಪುಳಿ (ಕೋಕಂ) ಶರಬತ್ತು, ಎಳ್ಳಿನ ಪಾನಕ, ರಾಗಿ ನೀರು, ಕರಬೂಜದ ಜಾತಿಯ ಇಬ್ಬುಡ್ಲ ಹಣ್ಣಿನ ಜ್ಯೂಸ್, ಶುಂಠಿ ಹಾಕಿದ ಲಿಂಬೆ ಶರಬತ್ತಿನವರೆಗೆ ಈ ಪ್ರಶ್ನೆಗೆ ಹತ್ತಾರು ಉತ್ತರಗಳಿವೆ. ಇವುಗಳಲ್ಲಿ ಯಾವುದೂ ಕಷ್ಟದ ಕೆಲಸವಲ್ಲ. ಆದರೂ ಮೇ ತಿಂಗಳಲ್ಲಿ ಉತ್ಸಾಹದಿಂದ ಮಾಡಿಟ್ಟ ಸಿರಪ್ ಆಟಿ (ಜುಲೈ-ಆಗಸ್ಟ್) ತಿಂಗಳಲ್ಲಿ ನೊರೆ ಬಂದು ಹುಳಿಯುವುದು, ಕಡುಕೆಂಪಾಗಿರಬೇಕಾದ ಪುನರ್ಪುಳಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು, ಲಿಂಬೆ ಶರಬತ್ತು ಮರುದಿನಕ್ಕೆ ಕಹಿಯಾಗುವುದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ದೂರುಗಳು. ಈ ದೂರುಗಳಿಗೆಲ್ಲ ಸ್ಪಷ್ಟವಾದ ಕಾರಣಗಳಿದ್ದು, ಆ ಕಾರಣಗಳನ್ನು ತಿಳಿದುಕೊಂಡರೆ ಅಳತೆಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬರುವುದಿಲ್ಲ.

ಮೊದಲು ಸಕ್ಕರೆಯ ಲೆಕ್ಕ

ಮನೆಯಲ್ಲಿ ಮಾಡುವ ಸಿಹಿ ಪಾನೀಯಗಳಲ್ಲಿ ಎರಡು ಬಗೆಗಳಿವೆ. ಒಂದು, ವರ್ಷವಿಡೀ ಇಟ್ಟುಕೊಂಡು ಬೇಕೆಂದಾಗ ನೀರು ಬೆರೆಸಿ ಕುಡಿಯುವ ಸಿರಪ್. ಇನ್ನೊಂದು, ಆ ಹೊತ್ತಿಗೆ ಮಾಡಿ ಆ ಹೊತ್ತಿಗೇ ಮುಗಿಸುವ ಪಾನಕ. ಎರಡನೆಯ ಬಗೆಯಲ್ಲಿ ಸಕ್ಕರೆ ಅಥವಾ ಬೆಲ್ಲ ಕೇವಲ ರುಚಿಗಾಗಿ ಇರುವುದರಿಂದ ಅದನ್ನು ನಾಲಿಗೆಯ ಇಷ್ಟದಂತೆ ಹೆಚ್ಚು ಕಡಿಮೆ ಮಾಡಬಹುದು. ಮೊದಲನೆಯದರಲ್ಲಿ ಹಾಗಲ್ಲ. ಅಲ್ಲಿ ಸಕ್ಕರೆ ಇರುವುದು ಕೆಡದಂತೆ ಕಾಯುವುದಕ್ಕೆ. ದ್ರಾವಣದ ಒಟ್ಟು ತೂಕದ ಶೇಕಡಾ 65ರ ಆಸುಪಾಸಿನಲ್ಲಿ ಸಕ್ಕರೆ ಇದ್ದರೆ ಅದು ನೀರನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆಂದರೆ, ಹುಳಿ ಬರಿಸುವ ಯೀಸ್ಟ್‌ಗೆ ಬೆಳೆಯಲು ಬೇಕಾದ ನೀರು ಸಿಗುವುದೇ ಇಲ್ಲ.

ಸಿಹಿ ಕಡಿಮೆಯಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತೆಂಗಿನ ಮರವೇ ಉದಾಹರಣೆ. ಹೊಂಬಾಳೆಯಿಂದ ಇಳಿಯುವ ಸಿಹಿ ರಸದಲ್ಲಿ ಸಕ್ಕರೆಯ ಪ್ರಮಾಣ ಶೇಕಡಾ 15ರ ಆಸುಪಾಸಿನಲ್ಲಿರುವುದರಿಂದ ಅದು ಕೆಲವೇ ಗಂಟೆಗಳಲ್ಲಿ ಹುದುಗಿ ಶೇಂದಿಯಾಗುತ್ತದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯು ಈ ರಸವನ್ನು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ಇಳಿಸಿ, ಹುದುಗದಂತೆ ಸಂಗ್ರಹಿಸುವ ವಿಧಾನವನ್ನು ರೂಪಿಸಿ ಅದಕ್ಕೆ 'ಕಲ್ಪರಸ' ಎಂಬ ಹೆಸರನ್ನು ಕೊಟ್ಟಿದೆ. ಅಂದರೆ ಸಿಹಿ ರಸವನ್ನು ಉಳಿಸಿಕೊಳ್ಳಲು ಒಂದೋ ತಂಪು ಬೇಕು, ಇಲ್ಲವೇ ಸಾಕಷ್ಟು ಸಕ್ಕರೆ ಬೇಕು. 'ನಮಗೆ ಸಿಹಿ ಕಡಿಮೆ ಸಾಕು' ಎಂದು ಸಿರಪ್‌ಗೆ ಹಾಕುವ ಸಕ್ಕರೆಯನ್ನು ಅರ್ಧಕ್ಕಿಳಿಸುವವರು ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಬೇಕಾಗುತ್ತದೆ. ಸಿಹಿ ಕಡಿಮೆ ಬೇಕೆನ್ನುವವರು ಅದನ್ನು ಲೋಟದಲ್ಲಿ ಕಡಿಮೆ ಮಾಡಿಕೊಳ್ಳಬೇಕೇ ಹೊರತು ಭರಣಿಯಲ್ಲಿ ಅಲ್ಲ.

ಪಾತ್ರೆ, ನೀರು, ಬಾಟಲಿ

ಇಲ್ಲಿ ಹೇಳುವ ಪಾನೀಯಗಳಲ್ಲಿ ಹೆಚ್ಚಿನವು ಹುಳಿಯಾದ್ದರಿಂದ ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳನ್ನು ದೂರವಿಡಬೇಕು. ಹುಳಿಯು ಲೋಹವನ್ನು ಕರಗಿಸುತ್ತದೆ. ಕಲಾಯಿ ಹೋದ ಹಿತ್ತಾಳೆಯಲ್ಲಿಟ್ಟ ಶರಬತ್ತು ಹೊಟ್ಟೆ ತೊಳಸುವಂತೆ ಮಾಡಬಲ್ಲುದು. ಸ್ಟೀಲ್, ಗಾಜು ಮತ್ತು ಪಿಂಗಾಣಿ ಭರಣಿಗಳು ಯೋಗ್ಯ. ಉಪ್ಪಿನಕಾಯಿ ಹಾಕಿದ್ದ ಭರಣಿಯನ್ನು ಎಷ್ಟು ತೊಳೆದರೂ ಇಂಗು ಸಾಸಿವೆಗಳ ವಾಸನೆ ಉಳಿದುಕೊಳ್ಳುವುದರಿಂದ ಸಿರಪ್‌ಗೆ ಬೇರೆಯೇ ಭರಣಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ನೀರಿನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಪೆರ್ಲ, ಬಾಯಾರು ಕಡೆಯ ಗುಡ್ಡದ ಮನೆಗಳಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು ಬೇಸಗೆಯಲ್ಲಿಯೂ ತಂಪಾಗಿದ್ದು ಪಾನಕಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಸುರಂಗದ್ದಾಗಲಿ ಬಾವಿಯದಾಗಲಿ, ನೀರನ್ನು ಚೆನ್ನಾಗಿ ಕುದಿಸಿ ಆರಿಸಿಯೇ ಬಳಸಬೇಕು. ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಎ ವೈರಾಣು ನೀರಿನ ಮೂಲಕ ಹರಡುವಂಥದ್ದು. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾದ ಮಾತ್ರಕ್ಕೆ ಅದು ಸಾಯುವುದಿಲ್ಲ. ಆದ್ದರಿಂದ ಐಸ್ ಕೂಡ ಕುದಿಸಿ ಆರಿಸಿದ ನೀರಿನದೇ ಆಗಿರಬೇಕು. ಎರಡನೆಯದಾಗಿ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುತ್ತದೆ. ಕೊಡದ ಅಡಿಯಲ್ಲಿ ಕೆಂಪು ಗಸಿ ಕೂರುವ ಅಂಥ ನೀರನ್ನು ಪುನರ್ಪುಳಿಗೆ ಬೆರೆಸಿದರೆ ಅದರ ಕೆಂಪು ಬಣ್ಣ ಮಂಕಾಗಿ ನೇರಳೆಯತ್ತ ಹೊರಳುತ್ತದೆ.

ಬಾಟಲಿಗಳನ್ನು ಸೋಪಿನಿಂದ ತೊಳೆದು, ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟು, ನೀರನ್ನು ನಿಧಾನವಾಗಿ ಕಾಯಿಸಿ, ಕುದಿ ಬಂದ ಮೇಲೆ ಹದಿನೈದು ನಿಮಿಷ ಹಾಗೆಯೇ ಬಿಡಬೇಕು. ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಗಾಜು ಒಡೆಯುತ್ತದೆ. ಬಳಿಕ ಸ್ವಚ್ಛವಾದ ಬಟ್ಟೆಯ ಮೇಲೆ ಬೋರಲು ಹಾಕಿ ಬಿಸಿಲಿನಲ್ಲಿ ಒಣಗಿಸಬೇಕು. ಒಳಗೆ ಒಂದೇ ಒಂದು ಹನಿ ನೀರು ಉಳಿದರೂ ಆ ಹನಿಯಿರುವಲ್ಲಿ ಸಕ್ಕರೆಯ ಸಾಂದ್ರತೆ ಇಳಿಯುವುದರಿಂದ ಬೂಷ್ಟು ಅಲ್ಲಿಂದಲೇ ಆರಂಭವಾಗುತ್ತದೆ.

ಪುನರ್ಪುಳಿ ಸಿರಪ್

ಗಾರ್ಸೀನಿಯಾ ಇಂಡಿಕಾ ಎಂಬ ಸಸ್ಯನಾಮದ ಈ ಮರವನ್ನು ಉತ್ತರ ಕನ್ನಡದಲ್ಲಿ ಮುರುಗಲು ಎಂದೂ ಕೊಂಕಣ ಕರಾವಳಿಯಲ್ಲಿ ಕೋಕಂ ಎಂದೂ ಕರೆಯುತ್ತಾರೆ. ಕಾಸರಗೋಡಿನ ತೋಟದ ಬದುಗಳಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿಯೇ ಬೆಳೆದ ಮರಗಳು ಏಪ್ರಿಲ್ ಮಧ್ಯದ ವಿಷುವಿನ ಹೊತ್ತಿಗೆ ಹಣ್ಣಾಗತೊಡಗಿ ಮೇ ಕೊನೆಯವರೆಗೂ ಹಣ್ಣು ಕೊಡುತ್ತವೆ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಬಿಸಿಲೂ ಸಿಗುವುದಿಲ್ಲ. ಆದುದರಿಂದ ಸಿರಪ್ಪಿನ ಕೆಲಸವನ್ನು ಮೇ ತಿಂಗಳ ಮೂರನೆಯ ವಾರದೊಳಗೆ ಮುಗಿಸಿಕೊಳ್ಳಬೇಕು. ಅಡಿಕೆ ಒಣಗಿಸುವ ಕೆಲಸ ಆ ಹೊತ್ತಿಗೆ ಬಹುಮಟ್ಟಿಗೆ ಮುಗಿದು ಅಂಗಳ ಖಾಲಿಯಾಗಿರುವುದು ಒಂದು ಅನುಕೂಲ.

ಈ ಸಿರಪ್ಪನ್ನು ಒಲೆಯ ಮೇಲೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪುನರ್ಪುಳಿಯ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಹುಳಿಯಲ್ಲಿ ಕಡುಕೆಂಪಾಗಿ ಹೊಳೆಯುತ್ತದೆ, ಆದರೆ ದೀರ್ಘ ಕಾಲದ ಬಿಸಿಗೆ ಒಡೆದು ಕಂದುಬಣ್ಣಕ್ಕೆ ತಿರುಗುತ್ತದೆ. ಸಿಪ್ಪೆಯನ್ನು ಕುದಿಸಿ ರಸ ತೆಗೆದು ಪಾಕ ಮಾಡಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆಯಾದರೂ ಬಣ್ಣವೂ ಹೋಗುತ್ತದೆ, ತಾಜಾ ಹಣ್ಣಿನ ಪರಿಮಳವೂ ಹೋಗುತ್ತದೆ. ಸಕ್ಕರೆಯೇ ಸಿಪ್ಪೆಯೊಳಗಿನ ರಸವನ್ನು ಹೊರಗೆಳೆಯುವ ಹಳೆಯ ಕ್ರಮವು ವಾರ ಹಿಡಿದರೂ ಅದೇ ಮೇಲು.

ಅಳತೆ ಸುಲಭ: ಬೀಜ ತೆಗೆದ ಸಿಪ್ಪೆ 1 ಕಿಲೋ ಇದ್ದರೆ ಸಕ್ಕರೆ 2 ಕಿಲೋ. 1 ಕಿಲೋ ಸಿಪ್ಪೆ ಸಿಗಲು ಸುಮಾರು 2 ಕಿಲೋ ಹಣ್ಣು ಬೇಕಾಗುತ್ತದೆ. ತೂಕವನ್ನು ಬೀಜ ತೆಗೆದ ಮೇಲೆಯೇ ಮಾಡಬೇಕು. ಇಡೀ ಹಣ್ಣಿನ ತೂಕಕ್ಕೆ ಸಕ್ಕರೆ ಲೆಕ್ಕ ಹಾಕಿದರೆ ಅಳತೆ ಪೂರ್ತಿ ತಪ್ಪುತ್ತದೆ.

ಮೊದಲ ಹಂತ ಹಣ್ಣಿನ ಆಯ್ಕೆ. ಪೂರ್ತಿ ಕಪ್ಪುಗೆಂಪಾಗಿ, ಬೆರಳಿನಿಂದ ಒತ್ತಿದರೆ ತುಸು ಬಾಗುವ ಆದರೆ ಒಡೆಯದ ಹಣ್ಣುಗಳನ್ನು ಆರಿಸಿಕೊಳ್ಳಬೇಕು. ದೋಟಿಯಿಂದ ಕೊಯ್ದ ಹಣ್ಣು ಉತ್ತಮ; ನೆಲಕ್ಕೆ ಬಿದ್ದು ಬಿರುಕು ಬಿಟ್ಟ ಹಣ್ಣಿನೊಳಗೆ ಯೀಸ್ಟ್ ಆಗಲೇ ಮನೆ ಮಾಡಿರುತ್ತದೆ. ಅವುಗಳನ್ನು ಸಾರಿಗೆ ಬಳಸಿಕೊಳ್ಳಬಹುದು.

ಎರಡನೆಯ ಹಂತದಲ್ಲಿ ಹಣ್ಣುಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒಂದೊಂದಾಗಿ ಒರೆಸಿ, ನೆರಳಿನಲ್ಲಿ ಒಂದು ಗಂಟೆ ಹರಡಿ ನೀರಿನ ಪಸೆ ಆರಿಸಬೇಕು. ಬಳಿಕ ಅಡ್ಡಕ್ಕೆ ಎರಡು ಹೋಳು ಮಾಡಿ, ಒಳಗಿನ ಬಿಳಿ ತಿರುಳನ್ನು ಬೀಜದ ಸಮೇತ ಚಮಚದಿಂದ ಎತ್ತಿ ಬೇರೆ ಪಾತ್ರೆಗೆ ಹಾಕಬೇಕು. ಈಗ ಸಿಪ್ಪೆ ಪುಟ್ಟ ಬಟ್ಟಲಿನಂತೆ ಉಳಿಯುತ್ತದೆ. ಬೀಜದ ಮೇಲಿನ ತಿರುಳು ಹುಳಿಸಿಹಿಯಾಗಿದ್ದು ಅದನ್ನು ಮಕ್ಕಳು ಚೀಪಿ ಮುಗಿಸದೆ ಉಳಿಸಿದರೆ, ನೀರಿನಲ್ಲಿ ಕಿವುಚಿ ಸಕ್ಕರೆ ಸೇರಿಸಿ ಆ ದಿನದ ಶರಬತ್ತನ್ನು ಮಾಡಬಹುದು. ಬೀಜಗಳನ್ನು ಒಣಗಿಸಿಡಬೇಕು, ಅವುಗಳಿಂದ ತೆಗೆಯುವ ಪುನರ್ಪುಳಿ ತುಪ್ಪ ಹಿಮ್ಮಡಿಯ ಬಿರುಕಿಗೆ ಈಗಲೂ ಬಳಕೆಯಲ್ಲಿದೆ.

ಮೂರನೆಯದು ಭರಣಿ ತುಂಬುವ ಹಂತ. ಒಣಗಿದ ಭರಣಿಯ ಅಡಿಗೆ ಒಂದು ಬೆರಳು ದಪ್ಪ ಸಕ್ಕರೆ ಹಾಕಿ, ಅದರ ಮೇಲೆ ಸಿಪ್ಪೆಗಳನ್ನು ಬಾಯಿ ಮೇಲಾಗಿ ಒತ್ತೊತ್ತಾಗಿ ಜೋಡಿಸಿ, ಪ್ರತಿಯೊಂದು ಸಿಪ್ಪೆಯೊಳಗೂ ಸಕ್ಕರೆ ತುಂಬಬೇಕು. ಹೀಗೆ ಪದರ ಪದರವಾಗಿ ಏರಿಸುತ್ತಾ ಹೋಗಿ ಕೊನೆಯ ಪದರ ಸಕ್ಕರೆಯದೇ ಆಗುವಂತೆ ನೋಡಿಕೊಳ್ಳಬೇಕು, ಏಕೆಂದರೆ ಗಾಳಿಗೆ ತೆರೆದುಕೊಂಡ ಸಿಪ್ಪೆಯೇ ಮೊದಲು ಬೂಷ್ಟು ಹಿಡಿಯುವುದು. ಭರಣಿಯ ಕಾಲು ಭಾಗ ಖಾಲಿ ಇರಲಿ. ಬಾಯಿಗೆ ತೆಳುವಾದ ಬಿಳಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು.

ನಾಲ್ಕನೆಯ ಹಂತಕ್ಕೆ ಬಿಸಿಲು ಮತ್ತು ತಾಳ್ಮೆ ಬೇಕು. ಪಿಂಗಾಣಿ ಭರಣಿಯಾದರೆ ಬೆಳಗ್ಗೆ ಒಂಬತ್ತಕ್ಕೆ ಅಂಗಳದ ಬಿಸಿಲಿನಲ್ಲಿಟ್ಟು ಸಂಜೆ ಇಬ್ಬನಿ ಬೀಳುವ ಮೊದಲು ಒಳಗಿಡಬೇಕು. ಗಾಜಿನ ಭರಣಿಯಾದರೆ ಹೊರಗೆ ಬಟ್ಟೆ ಸುತ್ತಿರಬೇಕು, ಯಾಕೆಂದರೆ ನೇರ ಬೆಳಕೂ ಬಣ್ಣವನ್ನು ತಿನ್ನುತ್ತದೆ. ನಮಗೆ ಬೇಕಾಗಿರುವುದು ಬಿಸಿಲಿನ ಹದವಾದ ಕಾವು ಮಾತ್ರ. ಮೊದಲ ಸಂಜೆಗೇ ಅಡಿಯಲ್ಲಿ ಕೆಂಪು ರಸ ಕಾಣತೊಡಗುತ್ತದೆ. ಎರಡನೆಯ ದಿನ ಸಿಪ್ಪೆಗಳು ಸೊರಗಿ ಕೆಳಗಿಳಿದು, ಮೇಲಿನ ಸಕ್ಕರೆ ಗುಲಾಬಿ ಬಣ್ಣದ ಒದ್ದೆ ಮರಳಾಗಿ, ಬಟ್ಟೆ ಬಿಚ್ಚಿದಾಗ ಹಣ್ಣಿನ ಹುಳಿಘಮ ಮೂಗಿಗೆ ಬಡಿಯುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಅಡಿಯ ಸಕ್ಕರೆ ಮೇಲೆ ಬರುವಂತೆ ಕಲಕಬೇಕು. ಈ ಕಲಕುವಿಕೆಯನ್ನು ಉದಾಸೀನ ಮಾಡಿದರೆ ಅಡಿಯಲ್ಲಿ ಸಕ್ಕರೆ ಗಟ್ಟಿಯಾಗಿ ಕುಳಿತು, ಮೇಲೆ ಬರೀ ತೆಳ್ಳಗಿನ ರಸ ನಿಂತು, ಆ ತೆಳ್ಳಗಿನ ರಸವೇ ಹುದುಗಲು ಶುರುವಾಗುತ್ತದೆ. ಸಾಮಾನ್ಯವಾಗಿ ಏಳು ದಿನಗಳು ಬೇಕಾಗುತ್ತವೆ, ಮೋಡವಿದ್ದರೆ ಇನ್ನೆರಡು ದಿನ ಹೆಚ್ಚು. ಸಿಪ್ಪೆ ಚರ್ಮದಂತೆ ಸುಕ್ಕುಗಟ್ಟಿ, ಹಿಂಡಿದರೆ ರಸ ಬಾರದಂತಾದಾಗ ಕೆಲಸ ಮುಗಿಯಿತೆಂದು ತಿಳಿಯಬೇಕು. ಅಷ್ಟಾದರೂ ಅಡಿಯಲ್ಲಿ ಹಿಡಿಯಷ್ಟು ಸಕ್ಕರೆ ಕರಗದೆ ಉಳಿದಿದ್ದರೆ ಬೇಸರ ಬೇಡ. ರಸವು ತನಗೆ ಸಾಧ್ಯವಾದಷ್ಟು ಸಕ್ಕರೆಯನ್ನು ಹಿಡಿದುಕೊಂಡಿದೆ ಎಂಬುದಕ್ಕೆ, ಅಂದರೆ ಸಿರಪ್ ಕೆಡುವುದಿಲ್ಲ ಎಂಬುದಕ್ಕೆ ಅದು ಒಳ್ಳೆಯ ಗುರುತು.

ಐದನೆಯ ಹಂತದಲ್ಲಿ ಎರಡು ಮಡಿಕೆಯ ತೆಳುಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಹಿಂಡದೆ, ರಾತ್ರಿಯಿಡೀ ತಾನಾಗಿಯೇ ತೊಟ್ಟಿಕ್ಕಲು ಬಿಟ್ಟರೆ ಸಿರಪ್ ಗಸಿಯಿಲ್ಲದೆ ತಿಳಿಯಾಗಿ ಬರುತ್ತದೆ. 1 ಕಿಲೋ ಸಿಪ್ಪೆಗೆ 2 ಲೀಟರಿಗೆ ತುಸು ಕಡಿಮೆ ಸಿರಪ್ ಸಿಗುತ್ತದೆ. ಬಾಟಲಿಯ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಕತ್ತಲಿರುವ ಕಪಾಟಿನಲ್ಲಿಡಬೇಕು. ಜೀರಿಗೆ, ಏಲಕ್ಕಿ, ಉಪ್ಪು ಇವುಗಳನ್ನು ಬಾಟಲಿಗೆ ಸೇರಿಸದೆ ಕುಡಿಯುವ ಹೊತ್ತಿಗೆ ಲೋಟಕ್ಕೆ ಹಾಕಿದರೆ ಪರಿಮಳ ತಾಜಾ ಆಗಿರುತ್ತದೆ. ಸಂರಕ್ಷಕ ಹಾಕಲೇಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು: ಲಿಂಬೆ, ಮಾವಿನ ಸ್ಕ್ವಾಷ್‌ಗಳಿಗೆ ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯು ಪುನರ್ಪುಳಿಯ ಬಣ್ಣವನ್ನು ಬಿಳುಚಿಸುತ್ತದೆ. ಕೆಂಪು ಹಣ್ಣುಗಳಿಗೆ ಸೋಡಿಯಂ ಬೆಂಜೊಯೇಟ್ ಬಳಸುವುದು ರೂಢಿ. ಮನೆಬಳಕೆಗೆ ಎರಡೂ ಬೇಡ ಎನ್ನುವುದು ನನ್ನ ಸಲಹೆ. ಸಕ್ಕರೆ ಸರಿಯಾಗಿದ್ದರೆ ಮುಂದಿನ ವಿಷುವಿನವರೆಗೆ ಅದೇ ಕಾಯುತ್ತದೆ.

ಉಳಿದ ಸಿಪ್ಪೆಯನ್ನು ಎಸೆಯಬಾರದು. ಎರಡು ದಿನ ಬಿಸಿಲಿಗೆ ಹಾಕಿದರೆ ಜಗಿಯಲು ಚೆನ್ನಾಗಿರುವ ಹುಳಿಸಿಹಿ ತುಂಡುಗಳಾಗುತ್ತವೆ.

ಮಳೆಗಾಲದಲ್ಲಿ ಹಣ್ಣಿಲ್ಲದಾಗ ಒಣಸಿಪ್ಪೆಯಿಂದಲೂ ಶರಬತ್ತು ಮಾಡಬಹುದು. ಹತ್ತು ಹನ್ನೆರಡು ಒಣಸಿಪ್ಪೆಗಳನ್ನು ಒಂದು ಲೋಟ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕಿವುಚಿ ಸೋಸಿ, ಸಕ್ಕರೆ ಮತ್ತು ನೀರು ಸೇರಿಸಿ ಆ ದಿನವೇ ಕುಡಿಯಬೇಕು. ಅಂಗಡಿಯಿಂದ ತಂದ ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿರುವ ಸಾಧ್ಯತೆ ಇರುವುದರಿಂದ ಮೊದಲು ಒಂದು ಚೂರನ್ನು ನಾಲಿಗೆಗೆ ಇಟ್ಟು ನೋಡುವುದು ಒಳ್ಳೆಯದು.

ಶುಂಠಿ ಲಿಂಬೆ ಸಿರಪ್

ಇದಕ್ಕೆ ಒಲೆ ಬೇಕು, ಆದರೆ ಲಿಂಬೆರಸಕ್ಕೆ ಒಲೆ ತಾಗಬಾರದು. 1.5 ಕಿಲೋ ಸಕ್ಕರೆ, ಅರ್ಧ ಲೀಟರ್ ನೀರು, ಅರ್ಧ ಲೀಟರ್ ಲಿಂಬೆರಸ, 100 ಗ್ರಾಂ ಹಸಿಶುಂಠಿ ಇಷ್ಟು ಸಾಮಗ್ರಿ. ಅರ್ಧ ಲೀಟರ್ ರಸಕ್ಕೆ ಹಣ್ಣಿನ ಗಾತ್ರವನ್ನು ನೋಡಿಕೊಂಡು ಇಪ್ಪತ್ತರಿಂದ ಇಪ್ಪತ್ತೈದು ಲಿಂಬೆ ಬೇಕಾಗುತ್ತದೆ.

ಶುಂಠಿಯ ಸಿಪ್ಪೆ ಕೆರೆದು, ತುರಿದು, ಕಾಲು ಲೋಟ ನೀರಿನೊಂದಿಗೆ ಹಿಂಡಿ ರಸ ತೆಗೆದು ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ಲೋಟದ ಅಡಿಯಲ್ಲಿ ಬಿಳಿಯ ಹಿಟ್ಟು ಕುಳಿತಿರುತ್ತದೆ. ಅದು ಶುಂಠಿಯ ಪಿಷ್ಟ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು, ಇಲ್ಲವಾದರೆ ಸಿರಪ್ ಮಬ್ಬಾಗಿ ಬಾಟಲಿಯ ಅಡಿಯಲ್ಲಿ ಗಸಿ ನಿಲ್ಲುತ್ತದೆ. ಸಕ್ಕರೆಗೆ ನೀರು ಹಾಕಿ ಕಾಯಿಸಿ, ಕುದಿ ಬರುವಾಗ ಶುಂಠಿಯ ತಿಳಿರಸ ಮತ್ತು ಒಂದು ಚಮಚ ಲಿಂಬೆರಸ ಸೇರಿಸಿ, ಮೇಲೆ ಬರುವ ಕೊಳೆನೊರೆಯನ್ನು ತೆಗೆದು, ಎರಡು ಮೂರು ನಿಮಿಷ ಕುದಿಸಿ ಇಳಿಸಬೇಕು. ಈ ಒಂದು ಚಮಚ ಹುಳಿಯ ಕೆಲಸ ಬೇರೆಯೇ ಇದೆ: ಅದು ಬಿಸಿಯಲ್ಲಿ ಸಕ್ಕರೆಯ ಒಂದಂಶವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುವುದರಿಂದ ಮುಂದೆ ಬಾಟಲಿಯಲ್ಲಿ ಹರಳುಗಟ್ಟುವುದಿಲ್ಲ. ಒಂದೆಳೆ ಪಾಕಕ್ಕೆ ಕಾಯಬೇಕಾಗಿಲ್ಲ. ಪಾಕ ಮುಂದಕ್ಕೆ ಹೋದಷ್ಟೂ ಹರಳುಗಟ್ಟುವ ಭಯ ಹೆಚ್ಚು.

ಪಾಕವು ಉಗುರುಬೆಚ್ಚಗಾದ ಮೇಲೆ ಉಳಿದ ಲಿಂಬೆರಸ ಸೇರಿಸಿ ಸೋಸಬೇಕು. ಲಿಂಬೆಯನ್ನು ಹಿಂಡುವಾಗ ಕೊನೆಯ ಹನಿಯವರೆಗೆ ಒತ್ತುವ ಆಸೆ ಬೇಡ. ಬೀಜ ಮತ್ತು ಬಿಳಿ ಪೊರೆಯಲ್ಲಿರುವ ಒಂದು ವಸ್ತು ಹಿಂಡಿದ ಕೂಡಲೇ ಕಹಿಯಾಗಿರದೆ, ಹುಳಿರಸದಲ್ಲಿ ಗಂಟೆಗಟ್ಟಲೆ ನಿಂತ ಮೇಲೆ ಲಿಮೋನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ಲಿಂಬೆ ಶರಬತ್ತು ಮರುದಿನ ಕಹಿಯಾಗುವುದರ ಗುಟ್ಟು ಇದೇ. ಈ ಸಿರಪ್‌ನಲ್ಲಿ ಸಕ್ಕರೆ ಶೇಕಡಾ 60ರಷ್ಟಿರುವುದರಿಂದ ಇದನ್ನು ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಲೋಟಕ್ಕೆ ಹಾಕುವಾಗ ಇಪ್ಪತ್ತು ನಿಮಿಷ ನೀರಿನಲ್ಲಿ ಉಬ್ಬಿಸಿದ ಒಂದು ಚಮಚ ಕಾಮಕಸ್ತೂರಿ ಬೀಜ ಮತ್ತು ಸೀಳಿದ ಒಂದು ಹಸಿಮೆಣಸನ್ನು ಸೇರಿಸಿ, ಮುಚ್ಚಿದ ಡಬ್ಬಿಯಲ್ಲಿ ಐಸಿನೊಂದಿಗೆ ಕುಲುಕಿದರೆ ಕೇರಳದ ಗೂಡಂಗಡಿಗಳ ಕುಲುಕ್ಕಿ ಸರ್ಬತ್ ಮನೆಯಲ್ಲೇ ಸಿದ್ಧ.

ನನ್ನಾರಿ ಸರ್ಬತ್

ಕನ್ನಡದಲ್ಲಿ ಸೊಗದೆ ಬೇರು ಎನ್ನುವ ನನ್ನಾರಿಯು ಗುಡ್ಡದ ಬದಿಯಲ್ಲಿ ಹಬ್ಬುವ ತೆಳುವಾದ ಬಳ್ಳಿಯ ಬೇರು. ಅಂಗಡಿಗಳಲ್ಲಿ ಇದೇ ಹೆಸರಿನಲ್ಲಿ ದಪ್ಪನೆಯ, ರಸಭರಿತ ಮಾಕಳಿ ಬೇರನ್ನೂ ಮಾರುತ್ತಾರೆ. ಎರಡಕ್ಕೂ ಪರಿಮಳ ಒಂದೇ ಬಗೆಯದು ಮತ್ತು ಎರಡೂ ಸಿರಪ್‌ಗೆ ಒದಗುತ್ತವೆ. ಆದರೆ ಸೊಗದೆ ಬೇರು ಪೆನ್ಸಿಲಿಗಿಂತ ತೆಳ್ಳಗಿದ್ದು ಹೊರಗೆ ಕಂದು, ಒಳಗೆ ಗಟ್ಟಿ ನಾರು ಹೊಂದಿರುತ್ತದೆ.

100 ಗ್ರಾಂ ಬೇರನ್ನು ನೆನೆಸಿ, ಮಣ್ಣು ಹೋಗುವಂತೆ ಬ್ರಷ್‌ನಿಂದ ಉಜ್ಜಿ ತೊಳೆದು, ಕಲ್ಲಿನಲ್ಲಿ ಜಜ್ಜಿ, ನಡುವಿನ ಗಟ್ಟಿ ನಾರನ್ನು ತೆಗೆದುಹಾಕಬೇಕು. ಪರಿಮಳವಿರುವುದು ತೊಗಟೆಯಲ್ಲಿ. 1 ಲೀಟರ್ ನೀರನ್ನು ಕುದಿಸಿ ಅದರ ಮೇಲೆ ಸುರಿದು, ಮುಚ್ಚಳ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನ ಮುಚ್ಚಳ ತೆಗೆಯದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆರಿದ ಮೇಲೆ ಸೋಸಬೇಕು. ಬಾಯಿ ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುವವರ ಅಡುಗೆಮನೆ ಘಮಘಮಿಸುತ್ತದೆ, ಸಿರಪ್ ಮಾತ್ರ ಸಪ್ಪೆಯಾಗಿರುತ್ತದೆ. ಸೋಸಿದ ನೀರಿಗೆ 1.5 ಕಿಲೋ ಸಕ್ಕರೆ ಮತ್ತು ಒಂದು ಚಮಚ ಲಿಂಬೆರಸ ಹಾಕಿ, ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ, ಆರಿಸಿ, ಬಾಟಲಿಗೆ ತುಂಬಬೇಕು. ಕುಡಿಯುವಾಗ ನೀರು ಮತ್ತು ಲಿಂಬೆಯೊಂದಿಗೆ ಒಂದು ರುಚಿ, ತಣ್ಣನೆಯ ಹಾಲಿನೊಂದಿಗೆ ಇನ್ನೊಂದು ರುಚಿ. ಹಾಲಿಗೆ ಬೆರೆಸುವಾಗ ಲಿಂಬೆ ಹಿಂಡಬಾರದು.

ಅಂದೇ ಮಾಡಿ ಅಂದೇ ಕುಡಿಯುವ ಪಾನಕಗಳು

ಇವುಗಳಲ್ಲಿ ಎಳ್ಳಿನ ಪಾನಕಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಬಾಯಾರಿಕೆಯನ್ನೂ ಹಸಿವನ್ನೂ ಒಟ್ಟಿಗೆ ತಣಿಸುವ ಪಾನೀಯ ಇದು. 100 ಗ್ರಾಂ ಬಿಳಿ ಎಳ್ಳನ್ನು ತೊಳೆದು ಮೂರು ಗಂಟೆ ನೆನೆಸಬೇಕು. ಸಿಪ್ಪೆ ಇರುವ ಕರಿಎಳ್ಳಿನಲ್ಲಿ ಕಹಿ ಒಗರು ಹೆಚ್ಚು. ನೆನೆದ ಎಳ್ಳನ್ನು ಮೊದಲು ನಾಲ್ಕೇ ಚಮಚ ನೀರು ಹಾಕಿ ಬೆಣ್ಣೆಯಂತೆ ನುಣ್ಣಗೆ ಅರೆದುಕೊಳ್ಳಬೇಕು. ಆರಂಭದಲ್ಲಿಯೇ ನೀರು ಹೆಚ್ಚು ಹಾಕಿದರೆ ಕಾಳುಗಳು ಬ್ಲೇಡಿಗೆ ಸಿಗದೆ ತೇಲಾಡುತ್ತವೆ. ಬಳಿಕ ಎರಡು ಲೋಟ ನೀರು ಸೇರಿಸಿ ತಿರುಗಿಸಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಹಿಂಡಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಅರೆದು ಹಿಂಡಬೇಕು. ಒಟ್ಟು 1 ಲೀಟರ್ ಎಳ್ಳಿನ ಹಾಲಿಗೆ, ನೀರಿನಲ್ಲಿ ಕರಗಿಸಿ ಸೋಸಿದ 150 ಗ್ರಾಂ ಬೆಲ್ಲ ಮತ್ತು ಮೂರು ಏಲಕ್ಕಿಯ ಪುಡಿ ಸಾಕು. ದನದ ಹಾಲು ಸೇರಿಸುವುದಿದ್ದರೆ ಕಾಯಿಸಿ ಪೂರ್ತಿ ಆರಿಸಿದ ಹಾಲನ್ನು ಕೊನೆಗೆ ಬೆರೆಸಬೇಕು, ಏಕೆಂದರೆ ಬಿಸಿ ಹಾಲು ಬೆಲ್ಲಕ್ಕೆ ತಾಗಿದರೆ ಒಡೆಯುವುದುಂಟು. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಪಾನಕ ನಿಂತಂತೆ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಬಡಿಸುವ ಮುನ್ನ ಕಲಕಬೇಕು. ಹಿಂಡಿಯನ್ನು ದೋಸೆ ಹಿಟ್ಟಿಗೆ ಸೇರಿಸಬಹುದು.

ಇಬ್ಬುಡ್ಲವು ಬೇಸಗೆಯ ಹಣ್ಣು. ಹಣ್ಣಾದಾಗ ತಾನಾಗಿಯೇ ಬಿರಿಯುವ ಇದರ ತಿರುಳು ಹಿಟ್ಟುಹಿಟ್ಟಾಗಿ, ಪರಿಮಳವಿದ್ದರೂ ಸಿಹಿಯಿಲ್ಲದೆ ಇರುವುದರಿಂದ ಬೆಲ್ಲವೇ ಇದಕ್ಕೆ ಜೀವ. 1 ಕಿಲೋ ಹಣ್ಣಿನ ತಿರುಳನ್ನು ಕೈಯಿಂದಲೋ ಮರದ ಸೌಟಿನಿಂದಲೋ ಕಿವುಚಿ, 200 ಗ್ರಾಂ ಬೆಲ್ಲದ ಪುಡಿ ಬೆರೆಸಿ ಹತ್ತು ನಿಮಿಷ ಬಿಟ್ಟು, ಅರ್ಧ ತೆಂಗಿನಕಾಯಿಯ ದಪ್ಪ ಹಾಲು, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಬೇಕು. ಮಿಕ್ಸಿಗೆ ಹಾಕಿದರೆ ನೊರೆಯೆದ್ದು, ನಾಲಿಗೆಗೆ ಸಿಗಬೇಕಾದ ಮರಳುಮರಳಾದ ಹದ ಹೋಗಿಬಿಡುತ್ತದೆ. ತೆಂಗಿನಹಾಲು ಬೇಗ ಹಳಸುವುದರಿಂದ ಎರಡು ಗಂಟೆಗಳೊಳಗೆ ಮುಗಿಸಬೇಕು.

ರಾಮನವಮಿಯ ಬೆಲ್ಲದ ಪಾನಕವನ್ನು ಎಲ್ಲರೂ ಬಲ್ಲರು. 1 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಅರ್ಧ ಚಮಚ ಒಣಶುಂಠಿ ಪುಡಿ, ಆರು ಕಾಳುಮೆಣಸು, ಮೂರು ಏಲಕ್ಕಿ, ಒಂದು ಲಿಂಬೆ. ಬೆಲ್ಲವನ್ನು ಕಾಯಿಸದೆ ತಣ್ಣೀರಿನಲ್ಲಿಯೇ ಕರಗಿಸಿ ಬಟ್ಟೆಯಲ್ಲಿ ಸೋಸಿದರೆ ಕಬ್ಬಿನ ಪರಿಮಳ ಉಳಿಯುತ್ತದೆ.

ರಾಗಿ ನೀರಿಗೆ 50 ಗ್ರಾಂ ರಾಗಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಮತ್ತು ಏಲಕ್ಕಿಯೊಂದಿಗೆ 1 ಲೀಟರ್ ಮಾಡಿಕೊಂಡರಾಯಿತು. ಹಸಿ ಪಿಷ್ಟ ಅಡಿಗಿಳಿಯುವುದರಿಂದ ಪ್ರತಿ ಲೋಟ ತುಂಬುವಾಗಲೂ ಕಲಕಬೇಕು. ಬೆಳಗ್ಗೆ ಮಾಡಿದ್ದು ಮಧ್ಯಾಹ್ನದ ಮೇಲೆ ಉಳಿದರೆ ಹುಳಿ ಬರುತ್ತದೆ.

ಬೆರೆಸುವ ಲೆಕ್ಕ

ಸಿರಪ್ ಯಾವುದೇ ಇರಲಿ, ಒಂದು ಪಾಲಿಗೆ ಐದು ಪಾಲು ನೀರಿನಿಂದ ಆರಂಭಿಸಬೇಕು. ರುಚಿ ನೋಡುವುದು ತಂಪು ಮಾಡಿದ ಮೇಲೆಯೇ ಆಗಬೇಕು, ಏಕೆಂದರೆ ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತೋರುತ್ತದೆ. ಬೆಚ್ಚಗಿರುವಾಗ ಹದವೆನಿಸಿದ ಶರಬತ್ತು ಫ್ರಿಜ್ಜಿನಿಂದ ತೆಗೆದಾಗ ಸಪ್ಪೆಯೆನಿಸುವುದು ಇದರಿಂದಲೇ. ಆಗ ಸಕ್ಕರೆ ಸುರಿಯುವ ಮೊದಲು ಚಿಟಿಕೆ ಉಪ್ಪು ಹಾಕಿ ನೋಡಬೇಕು, ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ. 40 ಮಿಲಿಲೀಟರ್ ಸಿರಪ್ ಹಾಕಿದ ಒಂದು ಲೋಟದಲ್ಲಿ 30 ಗ್ರಾಂಗಿಂತ ತುಸು ಹೆಚ್ಚು ಸಕ್ಕರೆ ಇರುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 50 ಗ್ರಾಂ ಆಗುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಸಿರಪ್ಪಿನ ಬದಲು ಒಣಸಿಪ್ಪೆಯ ಪುನರ್ಪುಳಿ ನೀರಿಗೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಕೊಟ್ಟರೆ ಅವರೂ ಉಳಿದವರೊಂದಿಗೆ ಲೋಟ ಹಿಡಿಯಬಹುದು.

ಉಪನಯನ, ಗೃಹಪ್ರವೇಶಗಳಲ್ಲಿ ನೂರು ಮಂದಿಗೆ ಶರಬತ್ತು ಮಾಡುವುದಿದ್ದರೆ, ಒಬ್ಬರಿಗೆ 200 ಮಿಲಿಲೀಟರಿನಂತೆ 20 ಲೀಟರ್ ಬೇಕು, ಅದಕ್ಕೆ ಸುಮಾರು 3.3 ಲೀಟರ್ ಸಿರಪ್ ಮತ್ತು 16.7 ಲೀಟರ್ ನೀರು. ಐಸ್ ಹಾಕುವುದಿದ್ದರೆ ಅದು ಕರಗಿ ನೀರಾಗುವುದನ್ನೂ ಲೆಕ್ಕಕ್ಕೆ ಹಿಡಿದು, 3 ಕಿಲೋ ಐಸಿಗೆ 3 ಲೀಟರ್ ನೀರು ಕಡಿಮೆ ಮಾಡಬೇಕು. ಸುಧರಿಕೆಗೆ (ಅತಿಥಿಗಳ ಉಪಚಾರಕ್ಕೆ) ನಿಂತವರ ಕೈಗೆ ಇಡೀ ಸಿರಪ್ಪನ್ನು ಒಮ್ಮೆಗೇ ಕೊಡದೆ, ಅರ್ಧದಷ್ಟನ್ನು ಬೆರೆಸಿ ಉಳಿದದ್ದನ್ನು ಬಾಟಲಿಯಲ್ಲೇ ಇಟ್ಟುಕೊಳ್ಳುವುದು ಜಾಣತನ. ಬೆರೆಸಿದ ಶರಬತ್ತು ಸಂಜೆಗೆ ಚೆಲ್ಲಬೇಕಾದ ವಸ್ತು. ಬೆರೆಸದ ಸಿರಪ್ ಮುಚ್ಚಳ ಬಿಗಿದು ಮತ್ತೆ ಕಪಾಟು ಸೇರುತ್ತದೆ.